ಬೇಟೆಗಾರರ ಮೇಜಿನಲ್ಲಿ ಬಿಲ್ಲುಗಾರರಿಗೂ ಒಂದು ಸ್ಥಾನ ಬೇಕು: ವಿಸ್ಕಾನ್ಸಿನ್ ಕನ್ನಡಿಗರ ಚರ್ಚೆ

ಮರದ ಅಟ್ಟಣೆ (ಚರ್ಚೆ ಆರಂಭಿಸಿದವರು)

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜಿಂಕೆ ಬೇಟೆ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ನವೆಂಬರ್‌ನ ಒಂಬತ್ತು ದಿನಗಳ ಬಂದೂಕು ಬೇಟೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಬೆಳಕು ಹರಿಯುವ ಮೊದಲೇ ಲಕ್ಷಾಂತರ ಜನ ಕಾಡು ಸೇರುತ್ತಾರೆ. ಆ ಸಂಭ್ರಮ ನನಗೂ ಇಷ್ಟ, ನವೆಂಬರ್‌ನಲ್ಲಿ ನಾನೂ ರೈಫಲ್ ಹಿಡಿಯುತ್ತೇನೆ. ಆದರೆ ಬಿಲ್ಲಿನ ಬೇಟೆ ಸೆಪ್ಟೆಂಬರ್ ಮಧ್ಯಕ್ಕೆ ಶುರುವಾಗಿ ಜನವರಿ ಮೊದಲ ವಾರದವರೆಗೆ ನಡೆಯುತ್ತದೆ. ಕೆಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಜನವರಿ 31ರವರೆಗೂ ಉಂಟು. ಇಷ್ಟು ದೀರ್ಘಕಾಲ ಕಾಡಿನಲ್ಲಿ ಕೂರುವವರು ಬಿಲ್ಲುಗಾರರೇ. ಜಿಂಕೆಯ ನಿಯಮಗಳನ್ನು ಚರ್ಚಿಸುವ ಮೇಜಿನ ಸುತ್ತ ಮಾತ್ರ ಬಿಲ್ಲುಗಾರ ಎಂಬ ಹೆಸರಿನಲ್ಲಿ ಕೂರಲು ಯಾರಿಗೂ ಜಾಗವಿಲ್ಲ.

ಹೊಸಬರಿಗಾಗಿ ವ್ಯವಸ್ಥೆಯನ್ನು ಸ್ವಲ್ಪ ಹೇಳುತ್ತೇನೆ. 2014ರಿಂದ ಇಲ್ಲಿ ಕೌಂಟಿ ಮಟ್ಟದ ಜಿಂಕೆ ಸಲಹಾ ಮಂಡಳಿಗಳಿವೆ. ಕೊಂಬಿಲ್ಲದ ಜಿಂಕೆಗಳನ್ನು, ಅಂದರೆ ಹೆಣ್ಣು ಮತ್ತು ಮರಿಗಳನ್ನು, ಎಷ್ಟು ಹೊಡೆಯಬಹುದು, ಬಿಲ್ಲಿನ ಋತುವನ್ನು ಜನವರಿ ಕೊನೆಯವರೆಗೆ ವಿಸ್ತರಿಸಬೇಕೆ, ಕ್ರಿಸ್‌ಮಸ್ ರಜೆಯಲ್ಲಿ ಹೆಚ್ಚುವರಿ ಬಂದೂಕು ಬೇಟೆ ಇರಬೇಕೆ ಎಂಬುದನ್ನೆಲ್ಲ ನೈಸರ್ಗಿಕ ಸಂಪನ್ಮೂಲ ಇಲಾಖೆಗೆ ಶಿಫಾರಸು ಮಾಡುವುದು ಈ ಮಂಡಳಿಗಳು. ಅಲ್ಲಿ ಕೃಷಿಗೆ ಒಂದು ಸ್ಥಾನ, ಅರಣ್ಯಕ್ಕೆ ಒಂದು, ಪ್ರವಾಸೋದ್ಯಮಕ್ಕೆ ಒಂದು, ಸಾರಿಗೆಗೆ ಒಂದು, ನಗರ ಪ್ರದೇಶಕ್ಕೆ ಒಂದು. ಬೇಟೆಗೂ ಒಂದು. ಆ ಒಂದು ಸ್ಥಾನದಲ್ಲಿ ಬಂದೂಕಿನವರು, ಬಿಲ್ಲಿನವರು, ಬಂದೂಕಿನಂತೆ ಹಿಡಿದು ಬಾಣ ಹಾರಿಸುವ ಕ್ರಾಸ್‌ಬೋನವರು, ಮದ್ದು ತುಂಬಿ ಹೊಡೆಯುವ ಮಝಲ್‌ಲೋಡರ್‌ನವರು ಎಲ್ಲರೂ ಅಡಗಬೇಕು. ಬಿಲ್ಲಿನ ಋತು ಎಷ್ಟು ದಿನ ಇರಬೇಕೆಂದು ಹೇಳುವ ಮಂಡಳಿಯಲ್ಲಿ ಬಿಲ್ಲು ಹಿಡಿದವರು ಇರಲೇಬೇಕೆಂಬ ನಿಯಮವಿಲ್ಲ.

ಒಂದು ಕೌಂಟಿಯ ಸಭೆಗೆ ಹೋಗಿದ್ದೆ. ರಜೆಯ ಬಂದೂಕು ಬೇಟೆಯ ವಿಷಯ ಬಂತು. ಡಿಸೆಂಬರ್ ಕೊನೆಯ ವಾರ ಹಿಮ ಬಿದ್ದು, ಜಿಂಕೆಗಳು ಮೇವಿಗಾಗಿ ಹಗಲಲ್ಲೇ ಹೊರಬರುತ್ತವೆ. ಬಿಲ್ಲುಗಾರನಿಗೆ ವರ್ಷದ ಕೊನೆಯ ಒಳ್ಳೆಯ ಅವಕಾಶ ಅದು. ಅದೇ ವಾರ ಬಂದೂಕಿಗೆ ಬಾಗಿಲು ತೆರೆದರೆ ನಾವೂ ಕಿತ್ತಳೆ ಬಣ್ಣದ ಅಂಗಿ ತೊಡಬೇಕು, ಜಿಂಕೆಗಳು ಮತ್ತೆ ರಾತ್ರಿಯ ಓಡಾಟಕ್ಕೆ ಇಳಿಯುತ್ತವೆ. ಇದನ್ನು ಎದ್ದು ನಿಂತು ಹೇಳಿದೆ. ಮೂರು ನಿಮಿಷದ ಸಾರ್ವಜನಿಕ ಅಭಿಪ್ರಾಯವಾಗಿ ಅದನ್ನು ಬರೆದುಕೊಂಡರು, ಮುಂದಿನ ವಿಷಯಕ್ಕೆ ಹೋದರು. ಮತ ಹಾಕುವಾಗ ಅದನ್ನು ಮತ್ತೆ ಎತ್ತಲು ಮೇಜಿನ ಆ ಬದಿಯಲ್ಲಿ ಯಾರೂ ಇರಲಿಲ್ಲ.

ನನ್ನ ಪ್ರಸ್ತಾಪ ಇಷ್ಟು: ಪ್ರತಿ ಕೌಂಟಿ ಮಂಡಳಿಯಲ್ಲಿ ಬಿಲ್ಲುಗಾರರಿಗೆಂದೇ ಒಂದು ಸ್ಥಾನ ಇರಬೇಕು. ಇಲ್ಲಿ ಬೇಟೆಯಾಡುವ ಕನ್ನಡಿಗರು ಬೆರಳೆಣಿಕೆಯಷ್ಟಾದರೂ ಇದ್ದೀರಿ. ಏನನ್ನುತ್ತೀರಿ?

ಕಾಫಿತೋಟ

ಅಣ್ಣಾ, ನಿಮ್ಮ ನೋವು ಅರ್ಥವಾಗುತ್ತದೆ, ಪ್ರಸ್ತಾಪ ಒಪ್ಪಲಾರೆ. ನಾನು ಕೊಡಗಿನವನು, ಈಗ ಗ್ರೀನ್ ಬೇ ಹತ್ತಿರ ಇದ್ದೇನೆ. ನಮ್ಮ ಕಡೆ ಕೋವಿ ಎಂದರೆ ಮನೆಯ ಸದಸ್ಯ. ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ ದಿನ ಅದಕ್ಕೆ ಹೂ ಇಟ್ಟು ಪೂಜಿಸುತ್ತೇವೆ. ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ನಿಂತುಹೋಯಿತು, ಆದರೆ ಹಿರಿಯರು ಹೇಳುತ್ತಿದ್ದ ಒಂದು ಮಾತು ನೆನಪಿದೆ. ಬೇಟೆಗೆ ಹೋದ ಪ್ರತಿಯೊಬ್ಬರಿಗೂ ಪಾಲು ಇತ್ತು. ಗುಂಡು ಹೊಡೆದವನಿಗೆ, ಪೊದೆ ಬಡಿದವನಿಗೆ, ನಾಯಿ ಹಿಡಿದವನಿಗೆ, ನಾಯಿಗೂ ಸಹ.

ಬೇಟೆಗಾರರ ಸಂಖ್ಯೆಯೇ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಹೊಸ ತಲೆಮಾರು ಬರುತ್ತಿಲ್ಲ. ಇಂಥ ಹೊತ್ತಿನಲ್ಲಿ ಬಿಲ್ಲಿಗೆ ಒಂದು ಸ್ಥಾನ, ಕ್ರಾಸ್‌ಬೋಗೆ ಒಂದು, ಮಝಲ್‌ಲೋಡರ್‌ಗೆ ಒಂದು ಎಂದು ಹೊರಟರೆ ಒಂದೇ ಮನೆಯ ಅಣ್ಣತಮ್ಮಂದಿರು ಒಲೆ ಬೇರೆ ಹೂಡಿದಂತೆ ಆಗುತ್ತದೆ. ಕೃಷಿಯವರು, ಮರದ ಉದ್ಯಮದವರು ಒಂದೇ ದನಿಯಲ್ಲಿ ಮಾತಾಡುತ್ತಾರೆ. ನಾವು ನಾಲ್ಕು ದನಿಯಲ್ಲಿ ಮಾತಾಡಿದರೆ ಯಾರ ಮಾತು ಕೇಳುತ್ತಾರೆ?

ಇನ್ನೊಂದು ಮಾತು. ಇಲ್ಲಿನ ಎಷ್ಟೋ ಬೇಟೆಗಾರರ ಬಳಿ ಎರಡೂ ಪರವಾನಗಿ ಇರುತ್ತದೆ. ನೀವೇ ಎರಡನ್ನೂ ಹಿಡಿಯುತ್ತೀರಿ. ಹಾಗಾದರೆ ಬಿಲ್ಲುಗಾರ ಎಂದು ಯಾರನ್ನು ಕರೆಯುವುದು?

ಮರದ ಅಟ್ಟಣೆ

ಕಾಫಿತೋಟ ಅವರೇ, ಪಾಲಿನ ಮಾತು ಎತ್ತಿದ್ದು ಒಳ್ಳೆಯದೇ ಆಯಿತು, ನಾನು ಕೇಳುತ್ತಿರುವುದೂ ಪಾಲನ್ನೇ. ರಾಜ್ಯದ ನಿವಾಸಿಗೆ ಬಂದೂಕಿನ ಜಿಂಕೆ ಪರವಾನಗಿಗೆ 24 ಡಾಲರ್, ಬಿಲ್ಲಿನದಕ್ಕೂ 24 ಡಾಲರ್. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದೂಕು ಮತ್ತು ಮದ್ದುಗುಂಡಿನ ಮೇಲೆ ತೆರಿಗೆ ಹಾಕಿ ಆ ಹಣವನ್ನು ವನ್ಯಜೀವಿಗಳ ಕೆಲಸಕ್ಕೆ ಮೀಸಲಿಟ್ಟಿತು. 1972ರಲ್ಲಿ ಬಿಲ್ಲಿನ ಸಾಮಗ್ರಿಯನ್ನೂ ಅದಕ್ಕೆ ಸೇರಿಸಿದರು. ಬಿಲ್ಲಿನ ಮೇಲೆ ಶೇಕಡಾ 11ರ ತೆರಿಗೆ ತಯಾರಕರ ಮಟ್ಟದಲ್ಲೇ ಸೇರಿಕೊಂಡಿರುತ್ತದೆ, ಅಂಗಡಿಯಲ್ಲಿ ನಾವು ಕೊಡುವ ಬೆಲೆಯಲ್ಲಿ ಅದೂ ಇದೆ. ಕೊಡುವಾಗ ಇಬ್ಬರೂ ಸಮಾನರು. ನಿರ್ಧಾರದ ಹೊತ್ತಿಗೆ ಮಾತ್ರ ಲೆಕ್ಕ ಬದಲಾಗುತ್ತದೆ.

ಯಾರನ್ನು ಬಿಲ್ಲುಗಾರ ಎನ್ನಬೇಕು ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಾನು ನೋಡುವುದು ಆತನ ಕೈಯಲ್ಲಿರುವ ಆಯುಧವನ್ನಲ್ಲ, ಆತ ತರುವ ತಿಳಿವಳಿಕೆಯನ್ನು. ಇಪ್ಪತ್ತು, ಇಪ್ಪತ್ತೈದು ಗಜದೊಳಗೆ ಜಿಂಕೆ ಬರುವವರೆಗೆ ಕಾಯಬೇಕಾದವನು ಕಾಡನ್ನು ಬೇರೆ ರೀತಿ ಓದುತ್ತಾನೆ. ಸೆಪ್ಟೆಂಬರ್‌ನಲ್ಲಿ ಯಾವ ಓಕ್ ಮರದಡಿ ಕಾಯಿ ಬಿದ್ದಿದೆ, ಈ ಸಲ ಎಷ್ಟು ತಾಯಂದಿರ ಜತೆ ಮರಿಗಳಿವೆ, ನವೆಂಬರ್ ಮೊದಲ ವಾರ ಗಂಡುಗಳು ಯಾವ ದಾರಿಯಲ್ಲಿ ಓಡಾಡುತ್ತಿವೆ ಎಂಬುದನ್ನು ಆತ ಕಣ್ಣಾರೆ ಕಂಡಿರುತ್ತಾನೆ. ಬಂದೂಕಿನ ಒಂಬತ್ತು ದಿನ ಬರುವ ಹೊತ್ತಿಗೆ ಬೆದೆಯ ಮುಖ್ಯ ಭಾಗ ಮುಗಿದಿರುತ್ತದೆ. ಜಿಂಕೆಗಳ ಸ್ಥಿತಿಗತಿ ಚರ್ಚಿಸುವ ಮಂಡಳಿಗೆ ಈ ತಿಳಿವಳಿಕೆ ಬೇಡವೇ?

ಭುಜನೋವು

ನಾನು ಕ್ರಾಸ್‌ಬೋ ಬಳಸುವವನು. ಭುಜದ ಶಸ್ತ್ರಚಿಕಿತ್ಸೆಯಾದ ಮೇಲೆ ಕಾಂಪೌಂಡ್ ಬಿಲ್ಲಿನ ನಾಣು ಎಳೆಯಲು ಆಗುವುದಿಲ್ಲ. ಮೊದಲು ಇಲ್ಲಿ ಕ್ರಾಸ್‌ಬೋ ಅಂಗವೈಕಲ್ಯ ಇರುವವರಿಗೆ ಮತ್ತು 65 ದಾಟಿದವರಿಗೆ ಮಾತ್ರ ಇತ್ತು. 2013ರ ಕಾನೂನಿನ ನಂತರ, 2014ರ ಋತುವಿನಿಂದ ಎಲ್ಲರಿಗೂ ತೆರೆದರು. ಆಗ ಬಿಲ್ಲುಗಾರರಲ್ಲೇ ಹಲವರು ಅದನ್ನು ಬಲವಾಗಿ ವಿರೋಧಿಸಿದರು, ಈಗಲೂ ನಮ್ಮ ಋತುವನ್ನು ಮೊಟಕುಗೊಳಿಸಬೇಕೆನ್ನುವವರಿದ್ದಾರೆ.

ಆದ್ದರಿಂದ ನೇರವಾಗಿ ಕೇಳುತ್ತೇನೆ, ನೀವು ಕೇಳುವ ಆ ಸ್ಥಾನದಲ್ಲಿ ನನ್ನಂಥವನ ಪರ ಮಾತಾಡುವವರು ಇರುತ್ತಾರೆಯೇ? ಇತ್ತೀಚಿನ ವರ್ಷಗಳಲ್ಲಿ ಕ್ರಾಸ್‌ಬೋನಿಂದ ಬೀಳುವ ಜಿಂಕೆಗಳ ಸಂಖ್ಯೆ ಬಿಲ್ಲಿನಿಂದ ಬೀಳುವುದಕ್ಕಿಂತ ಹೆಚ್ಚಾಗಿದೆ. ನಮ್ಮನ್ನು ಹೊರಗಿಟ್ಟು ನೀವು ಪ್ರಾತಿನಿಧ್ಯ ಕೇಳಿದರೆ ನಿಮ್ಮ ವಿರುದ್ಧ ಮತ ಹಾಕುವವರಲ್ಲಿ ನಾನು ಮೊದಲಿಗ.

ಮಿಲ್ವಾಕಿಯ ಮಂಗಳೂರು

ಭುಜನೋವು ಅವರ ಪ್ರಶ್ನೆಗೆ ಉತ್ತರ ಸಿಗುವವರೆಗೆ ಮುಂದೆ ಹೋಗಬಾರದು ಎಂದು ನನಗೂ ಅನಿಸುತ್ತದೆ.

ನಾನು ಬಿಲ್ಲು ಹಿಡಿದು ತುಂಬ ಕಾಲವಾಗಿಲ್ಲ. ನಮ್ಮ ಉಪನಗರದಲ್ಲಿ ಬಂದೂಕು ಹಾರಿಸುವಂತಿಲ್ಲ, ಜಿಂಕೆಗಳೋ ರಸ್ತೆಗೆ ಬಂದು ಕಾರುಗಳಿಗೆ ಅಡ್ಡ ಬೀಳುತ್ತಿವೆ. ನಗರದೊಳಗೆ ಉಳಿದ ದಾರಿ ಬಿಲ್ಲು ಮತ್ತು ಕ್ರಾಸ್‌ಬೋ ಮಾತ್ರ. ಸ್ಥಳೀಯ ಆಡಳಿತಗಳು ಬಿಲ್ಲುಬೇಟೆಯನ್ನು ಸಾರಾಸಗಟಾಗಿ ನಿಷೇಧಿಸದಂತೆ 2013ರಲ್ಲೇ ಒಂದು ಕಾನೂನು ಬಂದಿದೆ. ಜನವಸತಿಯ ಕಟ್ಟಡದಿಂದ 100 ಗಜದೊಳಗೆ ಮಾಲೀಕರ ಅನುಮತಿ ಬೇಕು, ಬಾಣವನ್ನು ನೆಲದ ಕಡೆಗೇ ಬಿಡಬೇಕು ಎಂಬಂಥ ಷರತ್ತುಗಳನ್ನು ಊರಿನವರು ಹಾಕಬಹುದು. ನಾನು ಮರದ ಮೇಲಿನ ಅಟ್ಟಣೆಯಿಂದಲೇ ಬಾಣ ಬಿಡುತ್ತೇನೆ, ಗುರಿ ತಪ್ಪಿದರೂ ಅದು ಮಣ್ಣಿಗೆ ಹೋಗುತ್ತದೆ.

ಮಂಡಳಿಯಲ್ಲಿ ನಗರ ಪ್ರದೇಶಕ್ಕೂ ಒಂದು ಸ್ಥಾನ ಇದೆಯಲ್ಲ, ನಮ್ಮಂಥವರು ಅದಕ್ಕೇ ಅರ್ಜಿ ಹಾಕಬಹುದಲ್ಲವೇ? ಹೊಸ ಸ್ಥಾನ ಸೃಷ್ಟಿಯಾಗುವವರೆಗೆ ಕಾಯುವ ಬದಲು ಇರುವ ಸ್ಥಾನಗಳಿಗೆ ಬಿಲ್ಲುಗಾರರು ಹೋಗಿ ಕೂರಲಿ.

ಹಸಿರುಬಳ್ಳಿ

ಬೆಂಗಳೂರಿನಿಂದ ಓದುತ್ತಿದ್ದೇನೆ. ಈ ಚರ್ಚೆಗೆ ನನ್ನ ಮಾತು ಹೊರಗಿನದು ಎನಿಸಬಹುದು, ಆದರೂ ಹೇಳದೆ ಇರಲಾರೆ. ಬಂದೂಕಿನ ಗುಂಡು ತಾಗಿದರೆ ಪ್ರಾಣಿ ಬೇಗ ಸಾಯುತ್ತದೆ. ಬಾಣ ತಾಗಿದ ಜಿಂಕೆ ಓಡಿಹೋಗಿ ಎಲ್ಲೋ ನರಳುತ್ತದೆ. ಪ್ರಾತಿನಿಧ್ಯ ಕೇಳುವ ಮೊದಲು ಬಿಲ್ಲುಗಾರರು ಇದಕ್ಕೆ ಉತ್ತರ ಕೊಡಬೇಕು. ಆ ಸಭೆಯಲ್ಲಿ ಜಿಂಕೆಯ ಪರವಾಗಿ ಕೂರುವವರು ಯಾರು?

ನಿರ್ವಾಹಕ

ಹಸಿರುಬಳ್ಳಿ ಅವರ ಪ್ರಶ್ನೆಯನ್ನು ಅಳಿಸಬೇಕೆಂದು ಇಬ್ಬರು ಸದಸ್ಯರು ಕೋರಿದ್ದಾರೆ. ಅಳಿಸುವುದಿಲ್ಲ. ಗೌರವದಿಂದ ಕೇಳಿದ್ದಾರೆ, ಗೌರವದಿಂದಲೇ ಉತ್ತರಿಸಿ.

ಮರದ ಅಟ್ಟಣೆ

ಹಸಿರುಬಳ್ಳಿ ಅವರಿಗೆ ಮೊದಲು ಉತ್ತರಿಸುತ್ತೇನೆ, ಇದು ನಮ್ಮೊಳಗೂ ನಡೆಯುವ ಮಾತು.

ಗುಂಡು ಹೊಡೆತದ ಬಲದಿಂದ ಬೀಳಿಸುತ್ತದೆ. ಬಾಣ ಕೊಲ್ಲುವುದು ಕೊಯ್ಯುವುದರಿಂದ. ತುದಿಯ ಅಲಗು ಕನಿಷ್ಠ 7/8 ಇಂಚು ಅಗಲ ಇರಬೇಕು, ಜಿಂಕೆಗೆ ಬಳಸುವ ಬಿಲ್ಲಿನ ಎಳೆತ ಕನಿಷ್ಠ 30 ಪೌಂಡ್ ಇರಬೇಕು ಎಂದು ಇಲ್ಲಿನ ನಿಯಮ ಹೇಳುತ್ತದೆ. ಎರಡೂ ಶ್ವಾಸಕೋಶ ದಾಟಿ ಹೋದ ಹರಿತವಾದ ಬಾಣಕ್ಕೆ ಜಿಂಕೆ ಸಾಮಾನ್ಯವಾಗಿ ಕೆಲವು ಸೆಕೆಂಡುಗಳಲ್ಲಿ ಬೀಳುತ್ತದೆ. ಬಾಣ ಹಿಂದೆ ಸರಿದು ಹೊಟ್ಟೆಗೆ ತಾಗಿದರೆ ಹಾಗಾಗುವುದಿಲ್ಲ. ಆಗ ತಕ್ಷಣ ಬೆನ್ನಟ್ಟಬಾರದು. ಗಂಟೆಗಟ್ಟಲೆ ಕಾದು, ಅದು ಮಲಗಿದ ಮೇಲೆ ನೆತ್ತರಿನ ಜಾಡು ಹಿಡಿಯಬೇಕು. ಹಗ್ಗ ಕಟ್ಟಿ ಹಿಡಿದ ನಾಯಿಯಿಂದ ಜಾಡು ಹಿಡಿಸಲು ಇಲ್ಲಿ ಕಾನೂನಿನ ಅನುಮತಿ ಇದೆ. ಹೀಗೆ ನಾಯಿ ತರುವವರ ಫೋನ್ ಸಂಖ್ಯೆ ಜೇಬಿನಲ್ಲಿ ಇಟ್ಟುಕೊಳ್ಳದೆ ಕಾಡಿಗೆ ಹೋಗಬಾರದು ಎಂಬುದು ನನ್ನ ಕಟ್ಟುನಿಟ್ಟಿನ ಅಭಿಪ್ರಾಯ. ಗಾಯಗೊಂಡು ಸಿಗದೆ ಹೋಗುವ ಜಿಂಕೆಗಳಿವೆ, ಅದನ್ನು ಯಾವ ಪ್ರಾಮಾಣಿಕ ಬಿಲ್ಲುಗಾರನೂ ಅಲ್ಲಗಳೆಯುವುದಿಲ್ಲ. ದೂರದ ಗುರಿಗೆ ಆಸೆಪಡದಿರುವುದು, ಬೇಸಿಗೆಯೆಲ್ಲ ಅಭ್ಯಾಸ ಮಾಡುವುದು, ಅನುಮಾನ ಬಂದರೆ ಬಾಣ ಬಿಡದಿರುವುದು, ಇವೇ ಅದಕ್ಕೆ ಮದ್ದು. ನಮ್ಮ ಪ್ರತಿನಿಧಿ ಮಂಡಳಿಯಲ್ಲಿದ್ದರೆ ಈ ಶಿಸ್ತಿನ ಬಗ್ಗೆಯೂ ಅಲ್ಲಿ ಮಾತು ನಡೆಯುತ್ತದೆ.

ಬೇಟೆಯೇ ಏಕೆ ಎಂದರೆ, ಇಲ್ಲಿನ ಬಿಳಿಬಾಲದ ಜಿಂಕೆಯ ಸ್ಥಿತಿ ನಮ್ಮ ನಾಗರಹೊಳೆಯ ಚುಕ್ಕಿ ಜಿಂಕೆಯದ್ದಲ್ಲ. ದಕ್ಷಿಣ ವಿಸ್ಕಾನ್ಸಿನ್‌ನ ಹೊಲಗಾಡುಗಳಲ್ಲಿ ಅವುಗಳ ಸಂಖ್ಯೆಯನ್ನು ಹಿಡಿತದಲ್ಲಿಡುವಷ್ಟು ದೊಡ್ಡ ಬೇಟೆಪ್ರಾಣಿಗಳಿಲ್ಲ. 2002ರಲ್ಲಿ ಡೇನ್ ಕೌಂಟಿಯ ಪಶ್ಚಿಮ ಭಾಗದಲ್ಲಿ ಸಿಡಬ್ಲ್ಯುಡಿ ಎಂಬ ಮಾರಕ ನರರೋಗ ಪತ್ತೆಯಾಯಿತು. ಅಲ್ಲಿಂದ ಅದು ಹರಡುತ್ತಲೇ ಇದೆ, ಮದ್ದಿಲ್ಲ. ನಾವು ಹೊಡೆದ ಜಿಂಕೆಯ ಕುತ್ತಿಗೆಯ ಗ್ರಂಥಿಗಳನ್ನು ಪರೀಕ್ಷೆಗೆ ಕೊಟ್ಟು ಫಲಿತಾಂಶ ಬಂದ ಮೇಲೆ ಮಾಂಸ ಬಳಸುತ್ತೇವೆ.

ಭುಜನೋವು ಅವರೇ, ನಿಮಗೂ ನೇರವಾಗಿಯೇ ಹೇಳುತ್ತೇನೆ. ಕ್ರಾಸ್‌ಬೋ ಮತ್ತು ಬಿಲ್ಲಿನ ಋತು ಒಂದೇ ಆಗಿರಬೇಕೆ ಎಂಬುದರಲ್ಲಿ ನನಗೆ ನನ್ನದೇ ಅಭಿಪ್ರಾಯವಿದೆ, ನಿಮಗೆ ಅದು ಹಿಡಿಸದಿರಬಹುದು. ಆದರೆ ಸ್ಥಾನ ಇಬ್ಬರಿಗೂ ಸೇರಿದ್ದಾಗಿರಬೇಕು. ಇಬ್ಬರೂ ಒಂದೇ ಋತುವಿನಲ್ಲಿ, ಒಂದೇ ಅಂತರದ ಆಸುಪಾಸಿನಲ್ಲಿ, ಒಂದೇ ಮೌನದಲ್ಲಿ ಕೂರುತ್ತೇವೆ. ಪ್ರಸ್ತಾಪದಲ್ಲಿ 'ಬಿಲ್ಲು ಮತ್ತು ಕ್ರಾಸ್‌ಬೋ ಬೇಟೆಗಾರರ ಪ್ರತಿನಿಧಿ' ಎಂದೇ ಬರೆಯೋಣ.

ಭುಜನೋವು

ಹಾಗಾದರೆ ನಾನು ನಿಮ್ಮ ಜತೆ ಇದ್ದೇನೆ. ಋತುವಿನ ಜಗಳವನ್ನು ಆ ಸ್ಥಾನಕ್ಕೆ ಬಂದವರ ಮುಂದೆ ಆಡೋಣ.

ಆಟೋ ಸಿಟಿ

ಮಿಷಿಗನ್‌ನಿಂದ ನಮಸ್ಕಾರ. ನಿಮ್ಮ ಚರ್ಚೆಗೆ ನಮ್ಮ ಕಡೆಯ ಒಂದು ಹಳೆಯ ಸಂಗತಿ ಸೇರಿಸುತ್ತೇನೆ. 1930ರ ದಶಕದಲ್ಲಿ ಬಿಲ್ಲಿನಿಂದ ಜಿಂಕೆ ಹೊಡೆಯಬಹುದೆಂದರೆ ಬಂದೂಕಿನವರು ನಂಬುತ್ತಿರಲಿಲ್ಲ. ಮಿಷಿಗನ್‌ನ ಮೊದಲ ಬಿಲ್ಲಿನ ಋತು ಆ ದಶಕದಲ್ಲೇ ಬಂತು, ಅದೂ ಎರಡೇ ಕೌಂಟಿಗಳಲ್ಲಿ. ಡೆಟ್ರಾಯಿಟ್‌ನಲ್ಲಿ ಬಿಲ್ಲು ತಯಾರಿಕೆ ಆರಂಭಿಸಿ, ಮುಂದೆ 1947ರಲ್ಲಿ ಗ್ರೇಲಿಂಗ್‌ಗೆ ಹೋದ ಫ್ರೆಡ್ ಬೇರ್ ತನ್ನ ಬೇಟೆಗಳನ್ನು ಚಲನಚಿತ್ರ ತೆಗೆದು ಜನರಿಗೆ ತೋರಿಸಿದ. ಇದು ಆಗುವಂಥದ್ದು ಎಂದು ಲಕ್ಷಾಂತರ ಜನರಿಗೆ ಮನವರಿಕೆಯಾಗಲು ಅದು ದೊಡ್ಡ ಕಾರಣ. ಸ್ಥಾನ ಕೇಳುವ ಮೊದಲು ಬಂದೂಕು ಬೇಟೆಗಾರರ ಮನಸ್ಸು ಗೆಲ್ಲಬೇಕು ಎಂಬುದು ನನ್ನ ಎಣಿಕೆ. ನಿಮ್ಮ ಕ್ಲಬ್ಬಿನ ಗುರಿ ಅಭ್ಯಾಸಕ್ಕೆ ಅವರನ್ನು ಕರೆಯಿರಿ. ಒಮ್ಮೆ ಇಪ್ಪತ್ತು ಗಜದಲ್ಲಿ ನಾಣು ಎಳೆದು ಹಿಡಿದವನಿಗೆ ನಿಮ್ಮ ಕಷ್ಟ ಹೇಳಿಕೊಡಬೇಕಿಲ್ಲ.

ಮರದ ಅಟ್ಟಣೆ

ಒಪ್ಪುತ್ತೇನೆ. ನಮ್ಮಲ್ಲಿ ಅದಕ್ಕೂ ಮೊದಲೇ, 1934ರಲ್ಲಿ, ಸಾಕ್ ಮತ್ತು ಕೊಲಂಬಿಯಾ ಕೌಂಟಿಗಳಲ್ಲಿ ಬಿಲ್ಲಿಗೆಂದೇ ಜಿಂಕೆ ಋತು ತೆರೆದರು. ಅದೇ ಸಾಕ್ ಕೌಂಟಿಯಲ್ಲಿ, ಬಾರಾಬೂ ಹತ್ತಿರ, 1935ರಲ್ಲಿ ಆಲ್ಡೊ ಲಿಯೊಪೋಲ್ಡ್ ಬಂಜರಾಗಿದ್ದ ಹೊಲವೊಂದನ್ನು ಕೊಂಡರು. ವನ್ಯಜೀವಿ ನಿರ್ವಹಣೆ ಎಂಬ ಅಧ್ಯಯನ ಶಾಖೆಗೆ ಅಡಿಪಾಯ ಹಾಕಿದ ಈ ಲಿಯೊಪೋಲ್ಡ್ ಬಿಲ್ಲು ಕಟ್ಟುತ್ತಿದ್ದರು, ಬಿಲ್ಲಿನಿಂದ ಬೇಟೆಯಾಡುತ್ತಿದ್ದರು ಎಂಬುದು ಇಲ್ಲಿನ ಎಷ್ಟೋ ಬೇಟೆಗಾರರಿಗೇ ಗೊತ್ತಿಲ್ಲ. ಅವರ ಪತ್ನಿ ಎಸ್ಟೆಲ್ಲಾ ವಿಸ್ಕಾನ್ಸಿನ್‌ನ ಮಹಿಳಾ ಬಿಲ್ಲುಗಾರಿಕೆಯ ಚಾಂಪಿಯನ್ ಆಗಿದ್ದವರು.

1943ರಲ್ಲಿ ಲಿಯೊಪೋಲ್ಡ್ ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯರಾದರು. ಜಿಂಕೆಗಳು ಮಿತಿಮೀರಿ ಬೆಳೆದು ಚಳಿಗಾಲದಲ್ಲಿ ಹಸಿವಿನಿಂದ ಸಾಯುತ್ತಿವೆ, ಹೆಣ್ಣುಜಿಂಕೆಗಳನ್ನೂ ಹೊಡೆಯಲು ಬಿಡಬೇಕು ಎಂದು ವಾದಿಸಿದರು. ಆ ವರ್ಷ ಹಾಗೆ ನಡೆದ ಬೇಟೆಯನ್ನು ಜನ '43ರ ಅಪರಾಧ' ಎಂದು ಕರೆದು ಕೆಂಡ ಕಾರಿದರು. ಅವರು ಹಿಂಜರಿಯಲಿಲ್ಲ. ನಿರ್ಧಾರದ ಮೇಜಿನಲ್ಲಿ ಬಿಲ್ಲುಗಾರನೊಬ್ಬ ಕೂತರೆ ಆತ ಬಿಲ್ಲಿನ ಲಾಭವನ್ನೇ ನೋಡುತ್ತಾನೆ ಎಂದು ಭಯಪಡುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ. ಬೇಟೆಗಾರರ ಸಿಟ್ಟನ್ನು ಎದುರು ಹಾಕಿಕೊಂಡು ಕಾಡಿನ ಪರ ಮಾತಾಡಿದವರು ಅವರು.

ನದಿತೀರ

ಲಾ ಕ್ರಾಸ್‌ನಿಂದ ಬರೆಯುತ್ತಿದ್ದೇನೆ. ಒಂದು ತಿದ್ದುಪಡಿ. ದಯವಿಟ್ಟು ಈ ನೆಲದ ಬಿಲ್ಲಿನ ಚರಿತ್ರೆಯನ್ನು 1934ರಿಂದ ಶುರು ಮಾಡಬೇಡಿ. ಬಾರಾಬೂ ಸುತ್ತಲಿನ ನೆಲ ಹೋ-ಚಂಕ್ ಎಂಬ ಮೂಲನಿವಾಸಿ ಜನರದ್ದು. ಉತ್ತರದ ಕಾಡುಗಳು ಇನ್ನೊಂದು ಮೂಲನಿವಾಸಿ ಜನಾಂಗವಾದ ಒಜಿಬ್ವೆಯವರದ್ದು. 1837 ಮತ್ತು 1842ರ ಒಪ್ಪಂದಗಳಲ್ಲಿ ಒಜಿಬ್ವೆಯವರು ನೆಲ ಬಿಟ್ಟುಕೊಟ್ಟರೂ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದರು. ರಾಜ್ಯ ಅದನ್ನು ದಶಕಗಳ ಕಾಲ ಮನ್ನಿಸಲಿಲ್ಲ. 1983ರಲ್ಲಿ ಫೆಡರಲ್ ನ್ಯಾಯಾಲಯದ ವೋಯ್ಟ್ ತೀರ್ಪು ಬಂದು ಆ ಹಕ್ಕನ್ನು ಎತ್ತಿಹಿಡಿಯಿತು. ನಂತರದ ವರ್ಷಗಳಲ್ಲಿ ವಸಂತಕಾಲದಲ್ಲಿ ಮೀನು ತಿವಿಯಲು ಬಂದ ಒಜಿಬ್ವೆ ಕುಟುಂಬಗಳ ಮೇಲೆ ದೋಣಿಕಟ್ಟೆಗಳಲ್ಲಿ ಜನ ಕಲ್ಲು ತೂರಿದರು, ಹೀನಾಯ ಬೈಗುಳ ಕೂಗಿದರು. ಹಾಗೆ ಕೂಗಿದವರಲ್ಲಿ ಬೇಟೆಗಾರರೂ ಮೀನುಗಾರರೂ ಇದ್ದರು.

ಈಗ ಒಪ್ಪಂದದ ಪ್ರದೇಶದ ಕೌಂಟಿ ಮಂಡಳಿಗಳಲ್ಲಿ ಬುಡಕಟ್ಟಿನ ಪ್ರತಿನಿಧಿಗೂ ಸ್ಥಾನ ಇದೆ. ಆ ಸ್ಥಾನ ಯಾರೂ ಕೈಯೆತ್ತಿ ಕೊಟ್ಟ ಉಡುಗೊರೆ ಅಲ್ಲ. ಅದರ ಹಿಂದೆ ಒಪ್ಪಂದವಿದೆ, ನ್ಯಾಯಾಲಯವಿದೆ, ಅವಮಾನ ನುಂಗಿದ ಒಂದು ಪೀಳಿಗೆ ಇದೆ. ಬಿಲ್ಲುಗಾರರ ಬೇಡಿಕೆಯನ್ನು ಅದರ ಪಕ್ಕದಲ್ಲಿಟ್ಟು ತೂಗಬೇಡಿ. ನಮ್ಮದು ನ್ಯಾಯವಾದ ಬೇಡಿಕೆ, ಆದರೆ ಬೇರೆ ತೂಕದ್ದು. ಪ್ರಸ್ತಾಪದಲ್ಲಿ 'ಈ ರಾಜ್ಯದ ಮೂಲ ಬೇಟೆಗಾರರು' ಎಂಬಂಥ ಮಾತು ಬಂದರೆ ನಾನು ಸಹಿ ಹಾಕುವುದಿಲ್ಲ.

ಮರದ ಅಟ್ಟಣೆ

ಆ ಮಾತು ಬರುವುದಿಲ್ಲ. ನೀವು ಹೇಳಿದ್ದು ಪೂರ್ತಿ ಸರಿ. ಇನ್ನೊಂದು ಅಂಶವನ್ನೂ ಸೇರಿಸಬೇಕು ಎನಿಸುತ್ತಿದೆ: ಹೊಸ ಸ್ಥಾನದಿಂದ ಬುಡಕಟ್ಟಿನ ಪ್ರತಿನಿಧಿಯ ಸ್ಥಾನಕ್ಕಾಗಲಿ ಬೇರೆ ಯಾವುದೇ ಸ್ಥಾನಕ್ಕಾಗಲಿ ಕುಂದು ಬರಬಾರದು.

ಲೆಸ್ಟರ್ ಕನ್ನಡಿಗ

ಇಂಗ್ಲೆಂಡಿನಲ್ಲಿ ಬಿಲ್ಲಿನಿಂದ ಕಾಡುಪ್ರಾಣಿ ಕೊಲ್ಲುವುದನ್ನು 1981ರ ವನ್ಯಜೀವಿ ಕಾಯ್ದೆ ನಿಷೇಧಿಸಿದೆ. ನಾವು ಹೊಡೆಯುವುದು ಕಾಡಿನಲ್ಲಿ ನಿಲ್ಲಿಸಿದ ರಬ್ಬರಿನ ಜಿಂಕೆಗಳಿಗೆ ಮಾತ್ರ. ನಿಷೇಧ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಒಂದು ಮಾತು ಮಾತ್ರ ಹೇಳಬಲ್ಲೆ: ಇಲ್ಲಿ ಜಿಂಕೆಗಳ ಸಂಖ್ಯೆ ನಿಯಂತ್ರಣದ ಚರ್ಚೆ ನಡೆದಾಗ ಬಿಲ್ಲಿನ ಹೆಸರೇ ಬರುವುದಿಲ್ಲ. ಕಾನೂನಿನಲ್ಲಿ ಜಾಗ ಹೋದರೆ ಮಾತಿನಲ್ಲೂ ಹೋಗುತ್ತದೆ. ನಿಮಗೆ ಎರಡೂ ಇವೆ. 2003ರಲ್ಲಿ ಬೇಟೆಯ ಹಕ್ಕನ್ನು ನಿಮ್ಮ ರಾಜ್ಯದ ಸಂವಿಧಾನಕ್ಕೇ ಸೇರಿಸಿದ್ದಾರೆ. ಅದನ್ನು ಬಳಸಿಕೊಳ್ಳಿ.

ಕಾಫಿತೋಟ

ಎರಡು ದಿನ ಯೋಚಿಸಿದೆ. ರಜೆಯ ಬಂದೂಕು ಬೇಟೆಯ ಬಗ್ಗೆ ನೀವು ಹೇಳಿದ್ದರಲ್ಲಿ ಸತ್ಯವಿದೆ. ನಮ್ಮವರು ಅದನ್ನು 'ಇನ್ನೊಂದಿಷ್ಟು ದಿನ ಸಿಕ್ಕಿತು' ಎಂದಷ್ಟೇ ನೋಡುತ್ತೇವೆ. ಆ ದಿನಗಳು ಆಗಲೇ ಬೇರೊಬ್ಬರ ಋತುವಿನ ಒಳಗಿನವು ಎಂದು ಯೋಚಿಸುವುದಿಲ್ಲ. ಅಕ್ಟೋಬರ್‌ನಲ್ಲಿ ಮಕ್ಕಳ ಬಂದೂಕು ಬೇಟೆ ಎರಡು ದಿನ, ನವೆಂಬರ್‌ನ ಒಂಬತ್ತು, ಅದರ ಬೆನ್ನಿಗೆ ಮಝಲ್‌ಲೋಡರ್‌ನ ಹತ್ತು, ಆಮೇಲೆ ಡಿಸೆಂಬರ್‌ನ ಕೊಂಬಿಲ್ಲದ ಜಿಂಕೆಗಳ ಬೇಟೆ ನಾಲ್ಕು, ಕೆಲವು ಕಡೆ ರಜೆಯ ಬೇಟೆ. ಇವೆಲ್ಲ ಬಿಲ್ಲಿನ ಋತುವಿನ ನಡುವೆಯೇ ಬರುತ್ತವೆ. ಒಂದೊಂದನ್ನೇ ನೋಡಿದರೆ ಎಲ್ಲದಕ್ಕೂ ಕಾರಣವಿದೆ. ಮಕ್ಕಳ ಬೇಟೆಯನ್ನಂತೂ ನಾನು ಬಿಟ್ಟುಕೊಡುವುದಿಲ್ಲ, ನನ್ನ ಮಗಳು ಅಲ್ಲೇ ಕಲಿತಳು. ಆದರೆ ಎಲ್ಲವನ್ನೂ ಕೂಡಿಸಿ ನೋಡುವವರು ಮಂಡಳಿಯಲ್ಲಿ ಒಬ್ಬರು ಇರಬೇಕು ಎಂಬುದನ್ನು ಈಗ ಒಪ್ಪುತ್ತೇನೆ.

ಪ್ರತ್ಯೇಕ ಸ್ಥಾನಕ್ಕೆ ನನ್ನ ಆಕ್ಷೇಪ ಹಾಗೆಯೇ ಇದೆ. ಮಂಗಳೂರಿನ ಅಕ್ಕ ಹೇಳಿದ್ದು ನನಗೆ ಹೆಚ್ಚು ಹಿಡಿಸಿತು.

ಮಿಲ್ವಾಕಿಯ ಮಂಗಳೂರು

ಎರಡನ್ನೂ ಒಟ್ಟಿಗೆ ಮಾಡಬಹುದು. ದಾರಿ ಹೀಗಿದೆ, ವಿಚಾರಿಸಿ ಬರೆಯುತ್ತಿದ್ದೇನೆ.

ಮಂಡಳಿಯ ಅಧ್ಯಕ್ಷರು ಬರುವುದು ವಿಸ್ಕಾನ್ಸಿನ್ ಕನ್ಸರ್ವೇಶನ್ ಕಾಂಗ್ರೆಸ್‌ನಿಂದ. ಇದು 1934ರಲ್ಲೇ ಹುಟ್ಟಿದ ನಾಗರಿಕರ ಸಲಹಾ ಸಂಸ್ಥೆ, 1972ರಲ್ಲಿ ಕಾನೂನಿನ ಮಾನ್ಯತೆ ಪಡೆಯಿತು. ಪ್ರತಿ ಕೌಂಟಿಯಿಂದ ಐವರು ಪ್ರತಿನಿಧಿಗಳು, ರಾಜ್ಯದ 72 ಕೌಂಟಿಗಳಿಗೆ 360 ಮಂದಿ. ಅವರನ್ನು ಆರಿಸುವುದು ಏಪ್ರಿಲ್‌ನ ಎರಡನೇ ಸೋಮವಾರ ನಡೆಯುವ ವಸಂತದ ಸಭೆಗಳಲ್ಲಿ. ಆ ಕೌಂಟಿಯಲ್ಲಿ ವಾಸವಿರುವ 18 ತುಂಬಿದವರು ಸ್ಪರ್ಧಿಸಬಹುದು. ನಾನು ಹೋದ ಸಭೆಯಲ್ಲಿ ಮುಕ್ಕಾಲು ಕುರ್ಚಿಗಳು ಖಾಲಿ ಇದ್ದವು. ಬಿಲ್ಲುಗಾರರ ಒಂದು ಸಣ್ಣ ಗುಂಪು ಬಂದಿದ್ದರೂ ಅಂದಿನ ಆಯ್ಕೆ ಬೇರೆಯಾಗುತ್ತಿತ್ತು.

ಎರಡನೆಯದು ನಾಗರಿಕರ ನಿರ್ಣಯ. ಯಾರು ಬೇಕಾದರೂ ತಮ್ಮ ಕೌಂಟಿಯಲ್ಲಿ ಒಂದು ನಿರ್ಣಯ ಮಂಡಿಸಬಹುದು, ಮುಂಚಿತವಾಗಿ ಬರೆದು ಸಲ್ಲಿಸಬೇಕು. ಅಲ್ಲಿ ಬಹುಮತ ಬಂದರೆ ಅದು ಕಾಂಗ್ರೆಸ್‌ನ ಸಮಿತಿಗೆ ಹೋಗುತ್ತದೆ, ಅಲ್ಲೂ ಒಪ್ಪಿಗೆಯಾದರೆ ಮುಂದಿನ ವಸಂತದಲ್ಲಿ ಇಡೀ ರಾಜ್ಯದ ಜನರ ಮುಂದೆ ಪ್ರಶ್ನೆಯಾಗಿ ಬರಬಹುದು. 2020ರಿಂದ ಆನ್‌ಲೈನ್‌ನಲ್ಲಿ ಮತ ಹಾಕುವ ಸೌಲಭ್ಯವಿದೆ. ಫಲಿತಾಂಶ ಸಲಹೆ ಮಾತ್ರ, ಇಲಾಖೆ ಒಪ್ಪಲೇಬೇಕೆಂದಿಲ್ಲ. ಆದರೂ ಹಲವು ಕೌಂಟಿಗಳಲ್ಲಿ ಒಂದೇ ನಿರ್ಣಯ ಗೆದ್ದರೆ ಅದನ್ನು ಬದಿಗಿಡುವುದು ಸುಲಭವಲ್ಲ.

ಮರದ ಅಟ್ಟಣೆ

ಮೇಡಂ, ಇದಕ್ಕಿಂತ ಸ್ಪಷ್ಟವಾಗಿ ಯಾರೂ ನನಗೆ ವಿವರಿಸಿರಲಿಲ್ಲ. ಎಲ್ಲರ ಮಾತು ಸೇರಿಸಿ ಕರಡು ಹಾಕಿದ್ದೇನೆ. ಇಂಗ್ಲಿಷಿಗೆ ಆಮೇಲೆ ತರುತ್ತೇನೆ, ಮೊದಲು ವಿಷಯ ಗಟ್ಟಿಯಾಗಲಿ.

'ಬಿಲ್ಲು ಮತ್ತು ಕ್ರಾಸ್‌ಬೋ ಋತು ರಾಜ್ಯದ ಅತಿ ದೀರ್ಘ ಜಿಂಕೆ ಬೇಟೆಯ ಋತುವಾಗಿದ್ದು, ಅದರ ವಿಸ್ತರಣೆ ಹಾಗೂ ಅದರೊಳಗೆ ಬರುವ ಬಂದೂಕು ಬೇಟೆಯ ದಿನಗಳ ಬಗ್ಗೆ ಕೌಂಟಿ ಜಿಂಕೆ ಸಲಹಾ ಮಂಡಳಿಗಳು ಶಿಫಾರಸು ಮಾಡುತ್ತವೆ. ಆದ್ದರಿಂದ ಪ್ರತಿ ಮಂಡಳಿಯಲ್ಲಿ ಬಿಲ್ಲು ಮತ್ತು ಕ್ರಾಸ್‌ಬೋ ಬೇಟೆಗಾರರ ಪ್ರತಿನಿಧಿಯೊಬ್ಬರಿಗೆ ಹೆಚ್ಚುವರಿ ಸ್ಥಾನ ಕಲ್ಪಿಸಬೇಕು. ಈಗಿರುವ ಯಾವ ಸ್ಥಾನವನ್ನೂ, ವಿಶೇಷವಾಗಿ ಬುಡಕಟ್ಟು ಪ್ರತಿನಿಧಿಯ ಸ್ಥಾನವನ್ನು, ಇದಕ್ಕಾಗಿ ತೆಗೆಯಬಾರದು. ಹೆಚ್ಚುವರಿ ಬಂದೂಕು ಬೇಟೆಯ ಶಿಫಾರಸಿಗೆ ಮತ ಹಾಕುವ ಮೊದಲು, ಆ ವರ್ಷ ಬಿಲ್ಲಿನ ಋತುವಿನೊಳಗೆ ಬರುವ ಒಟ್ಟು ಬಂದೂಕು ದಿನಗಳನ್ನು ಮಂಡಳಿಯ ಮುಂದೆ ಇಡಬೇಕು.'

ಕಾಫಿತೋಟ

ಕೊನೆಯ ವಾಕ್ಯಕ್ಕೆ ನನ್ನ ಪೂರ್ಣ ಬೆಂಬಲ. ಅದನ್ನು ಪ್ರತ್ಯೇಕ ನಿರ್ಣಯ ಮಾಡಿ. ಸ್ಥಾನದ ಬೇಡಿಕೆ ಸೋತರೂ ಅದು ಗೆಲ್ಲಬಹುದು. ಆಗ ನಮ್ಮ ಬಂದೂಕು ಕ್ಲಬ್ಬಿನವರ ಸಹಿ ನಾನು ತರುತ್ತೇನೆ. ಒಂದೇ ಕಾಗದದಲ್ಲಿ ಎರಡನ್ನೂ ಇಟ್ಟರೆ ತರಲಾರೆ.

ನದಿತೀರ

ಎರಡಾಗಿ ಒಡೆಯುವುದೇ ಸರಿ. ಲಾ ಕ್ರಾಸ್ ಕೌಂಟಿಯಲ್ಲಿ ಎರಡನ್ನೂ ನಾನು ಮಂಡಿಸುತ್ತೇನೆ.

ಹಸಿರುಬಳ್ಳಿ

ನಾನು ಬೇಟೆಯನ್ನು ಒಪ್ಪುವುದಿಲ್ಲ, ಮುಂದೆಯೂ ಒಪ್ಪಲಾರೆ. ಆದರೂ ಒಂದು ಸಲಹೆ ಕೊಡಲು ಬಿಡುತ್ತೀರಾದರೆ, ಗಾಯಗೊಂಡು ಸಿಗದೆ ಹೋದ ಜಿಂಕೆಗಳನ್ನು ಬೇಟೆಗಾರರೇ ವರದಿ ಮಾಡುವ ವ್ಯವಸ್ಥೆಯನ್ನು ಆ ಪ್ರತಿನಿಧಿ ಕೇಳಲಿ. ನಿಮ್ಮ ಶಿಸ್ತಿನ ಮಾತು ಆಗ ಅಂಕಿಗಳಲ್ಲಿ ಕಾಣುತ್ತದೆ.

ಮರದ ಅಟ್ಟಣೆ

ಹೊಡೆದ ಜಿಂಕೆಯನ್ನು ಮರುದಿನ ಸಂಜೆ 5ರೊಳಗೆ ನೋಂದಾಯಿಸುವ ನಿಯಮ ಈಗಾಗಲೇ ಇದೆ. ಫೋನಿನಲ್ಲೋ ಆನ್‌ಲೈನ್‌ನಲ್ಲೋ ಕೆಲವೇ ನಿಮಿಷದ ಕೆಲಸ. ಸಿಗದ ಜಿಂಕೆಯ ಬಗ್ಗೆ ಸ್ವಯಂಪ್ರೇರಿತವಾಗಿ ತಿಳಿಸುವ ಒಂದು ಪ್ರಶ್ನೆಯನ್ನು ಅಲ್ಲೇ ಸೇರಿಸಬಹುದು. ಇದನ್ನು ಮೂರನೇ ನಿರ್ಣಯ ಮಾಡುತ್ತೇನೆ, ನಮ್ಮವರಲ್ಲೇ ಕೆಲವರು ಸಿಟ್ಟಾಗುತ್ತಾರೆ ಎಂದು ಗೊತ್ತಿದ್ದೂ.

ಭುಜನೋವು

ಸಿಟ್ಟಾಗುವವರ ಜತೆ ಮಾತಾಡುವ ಕೆಲಸ ನನಗೆ ಬಿಡಿ. ಡೇನ್ ಕೌಂಟಿಯಲ್ಲಿ ಪ್ರತಿನಿಧಿ ಸ್ಥಾನಕ್ಕೆ ಯಾರಾದರೂ ನಿಲ್ಲುತ್ತೀರಾ?

ಮಿಲ್ವಾಕಿಯ ಮಂಗಳೂರು

ನಾನು ಬೇರೆ ಕೌಂಟಿಯವಳು, ನಮ್ಮಲ್ಲಿ ನಿಲ್ಲುತ್ತೇನೆ. ಡೇನ್‌ನಲ್ಲಿ ನೀವೇ ನಿಲ್ಲಿ. ಬಿಲ್ಲುಗಾರರ ಪರವಾಗಿ ಕ್ರಾಸ್‌ಬೋ ಹಿಡಿದವರು ನಿಂತರೆ ಎರಡೂ ಕಡೆಯ ಮತ ಬೀಳುತ್ತದೆ. ಅರ್ಜಿಯ ವಿವರ ಬೇಕಾದರೆ ಖಾಸಗಿ ಸಂದೇಶ ಕಳಿಸಿ, ನನ್ನ ಬಳಿ ಸಿದ್ಧವಿದೆ.